ತಟ್ಟೆಯಲ್ಲಿ ಕಾಯಿ ಇತ್ತು

ಆ ಸಿನಿಮಾವನ್ನು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದರಲ್ಲೂ ಯುದ್ಧದ ಭಾಗವನ್ನು ಹೊಗಳುವವರಿದ್ದಾರೆ. ಕಣ್ಣು ಬಿಟ್ಟು ನೋಡಿದ್ದರೆ ಅವರಿಗೇ ಗೊತ್ತಾಗುತ್ತಿತ್ತು. ಎಡಗಡೆಯಿಂದ ಕತ್ತಿ ಎತ್ತಿಕೊಂಡು ಬರುವ ಸೈನಿಕರೂ ಬಲಗಡೆಯಿಂದ ಬರುವ ಸೈನಿಕರೂ ಅದೇ ಮೂವತ್ತು ಜನ. ಒಂದು ಸಲ ಬಿಳಿ ರುಮಾಲು, ಇನ್ನೊಂದು ಸಲ ಕರಿ ರುಮಾಲು. ಗಿರಿಜಾ ಮೀಸೆಯ ಒಬ್ಬನಂತೂ ತನ್ನನ್ನು ತಾನೇ ಕೊಂದಿದ್ದಾನೆ. ಅಲ್ಲಿ ಇನ್ನೂರು ಜನ ಇರಬೇಕಾಗಿತ್ತು. ಯಾಕೆ ಇರಲಿಲ್ಲ ಎನ್ನುವುದು ನನಗೆ ಗೊತ್ತು. ಅದರ ಹಿಂದಿದ್ದ ಅನ್ಯಾಯದಲ್ಲಿ ನನ್ನದೂ ಒಂದು ಪಾಲಿತ್ತು.

ಆಗ ನನಗೆ ಇಪ್ಪತ್ತೈದು ವರ್ಷ. ಗುತ್ತಲಿನಲ್ಲಿ ಮನೆ, ಮಂಡ್ಯದ ಪೇಟೆಯ ಒಂದು ಬೆಲ್ಲದ ಮಂಡಿಯಲ್ಲಿ ಗುಮಾಸ್ತೆ ಕೆಲಸ. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳು ಅವು. ಅಕ್ಕಿಗೆ ಚೀಟಿ, ಸೀಮೆಎಣ್ಣೆಗೆ ಚೀಟಿ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದವು. ಇಂಥ ಕಾಲದಲ್ಲಿ ನಮ್ಮ ಮಂಡಿಯ ಧಣಿಗಳಿಗೆ ಸಿನಿಮಾ ತೆಗೆಯುವ ಹುಚ್ಚು ಹತ್ತಿತು. ಬೆಲ್ಲದ ವ್ಯಾಪಾರಕ್ಕೆಂದು ಮದರಾಸಿಗೆ ಹೋದವರು ಅಲ್ಲಿ ಯಾವುದೋ ಸ್ಟುಡಿಯೋ ನೋಡಿಕೊಂಡು ಬಂದರು. ಬಂದವರೇ ಗಾದಿಯ ಮೇಲೆ ಕೂತು, "ನಮ್ ಸೀಮೆ ಒಳೆ, ನಮ್ ಸೀಮೆ ಜನ, ಸಿನ್ಮಾನೂ ನಮ್ದೇ ಆಗ್ಲಿ ಬುಡ್ಲಾ" ಎಂದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬೆಲ್ಲದ ಅಚ್ಚು ಎಣಿಸುವವನಿಗೆ ಸಿನಿಮಾ ಎಂದರೆ ಯಾಕೆ ಬೇಡ?

ಮದರಾಸಿನಿಂದ ಒಬ್ಬ ಡೈರೆಕ್ಟರು ಬಂದರು. ಅವರನ್ನು ಮದ್ದೂರಿನ ಬಂಗಲೆಯಲ್ಲಿ ಇಳಿಸಿದೆವು. ಕಥೆ ಪುರಾಣದ್ದು. ಶಿಂಷಾ ಹೊಳೆಯ ಮರಳಿನ ಮೇಲೆ ಎರಡು ಸೈನ್ಯಗಳು ಹೊಡೆದಾಡಬೇಕು. ಡೈರೆಕ್ಟರು ಒಳ್ಳೆಯ ಮನುಷ್ಯ, ಮಾತು ಕಡಿಮೆ, ಕನ್ನಡವನ್ನು ಅಳೆದು ತೂಗಿ ಆಡುತ್ತಿದ್ದರು. ಬಂದ ದಿನವೇ ಅವರು ಒಂದು ಮಾತು ಹೇಳಿದರು. "ನನಗೆ ಒಬ್ಬ ಫಸ್ಟ್ ಅಸಿಸ್ಟೆಂಟ್ ಡೈರೆಕ್ಟರ್ ಬೇಕು. ಈ ಕಡೆಯವನೇ ಆಗಬೇಕು. ನಾನು ಕ್ಯಾಮೆರಾ ನೋಡುತ್ತೇನೆ, ಅವನು ಜನರನ್ನು ನೋಡಬೇಕು. ಯಾರು ಎಷ್ಟು ಹೊತ್ತಿಗೆ ಬರಬೇಕು, ಎಲ್ಲಿ ನಿಲ್ಲಬೇಕು, ನಿನ್ನೆ ಯಾವ ಕೈಯಲ್ಲಿ ಕತ್ತಿ ಹಿಡಿದಿದ್ದ, ಎಲ್ಲಾ ಅವನ ತಲೆಯಲ್ಲಿ ಇರಬೇಕು. ಅಂಥವನು ಸಿಗದಿದ್ದರೆ ನಾನು ವಾಪಸ್ಸು ಹೋಗುತ್ತೇನೆ."

ಧಣಿಗಳು ಪೇಟೆಯಲ್ಲಿ ಸುದ್ದಿ ಬಿಟ್ಟರು. ಮಂಡಿಗೆ ಬಂದವರನ್ನು ನೋಡಬೇಕಾಗಿತ್ತು. ಒಬ್ಬ ಗರಡಿಯ ಪೈಲ್ವಾನ ಬಂದು ತೊಡೆ ತಟ್ಟಿ ತೋರಿಸಿದ. ಟೆಂಟ್ ಸಿನಿಮಾದ ಬಾಗಿಲು ಕಾಯುತ್ತಿದ್ದವನೊಬ್ಬ ಬಂದು, ತಾನು ಒಂದೇ ಸಿನಿಮಾವನ್ನು ಅರವತ್ತು ಸಲ ನೋಡಿದ್ದೇನೆ, ಅದಕ್ಕಿಂತ ಓದು ಬೇಕೇ ಎಂದ. ಧಣಿಗಳು ಇಬ್ಬರಲ್ಲಿ ಯಾರಾದರೂ ಆಗಲಿ ಎನ್ನುವ ಅಂದಾಜಿನಲ್ಲಿದ್ದರು. ನನಗೆ ತಡೆಯಲಾಗಲಿಲ್ಲ. "ಮಳವಳ್ಳಿ ಕಡೆ ಒಬ್ಬ ನಾಟಕದ ಮೇಷ್ಟ್ರು ಇದ್ದಾರೆ. ಅವರನ್ನು ಒಂದು ಸಲ ನೋಡಿ" ಎಂದೆ. ನೋಡಿಕೊಂಡು ಬಾ ಎಂದು ನನ್ನನ್ನೇ ಕಳಿಸಿದರು.

ಇದ್ದಿಲ ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ ಅಲ್ಲಿಂದ ಎರಡು ಮೈಲಿ ನಡೆದೆ. ಮೇಷ್ಟ್ರ ಮನೆ ಮಣ್ಣಿನ ಗೋಡೆಯದು, ಜಗುಲಿ ಮಾತ್ರ ಸಗಣಿ ಸಾರಿಸಿ ಚೊಕ್ಕಟವಾಗಿತ್ತು. ನಾನು ಯಾರು, ಯಾಕೆ ಬಂದೆ ಎಂದು ಕೇಳುವ ಮೊದಲೇ ಎಲೆ ಅಡಿಕೆಯ ಪೆಟ್ಟಿಗೆಯನ್ನು ನನ್ನ ಮುಂದೆ ತಳ್ಳಿದರು. ಅದು ಅವರ ಮನೆಯ ರೀತಿ. ಕಂದಾಯ ಕೇಳಲು ಬಂದವನಿಗೂ ಮೊದಲು ಎಲೆ, ಆಮೇಲೆ ಮಾತು ಎಂದು ಅವರ ಹೆಂಡತಿ ನಗಾಡಿದರು.

ಆ ಮಧ್ಯಾಹ್ನ ಅವರ ಜೊತೆ ಪಕ್ಕದ ಊರಿಗೆ ಹೋದೆ. ಆ ಊರಿನವರು ಅವರಿಗೆ ವೀಳ್ಯ ಕೊಟ್ಟು ನಾಟಕ ಕಲಿಸಲು ಹಿಡಿದಿದ್ದರು. ಚಾವಡಿಯ ಮುಂದೆ ನಲವತ್ತು ಜನ ರೈತರು. ಅವರಲ್ಲಿ ಅಕ್ಷರ ಬಲ್ಲವರು ನಾಲ್ಕು ಜನ ಇದ್ದರೆ ಹೆಚ್ಚು. ಮೇಷ್ಟ್ರು ಕೈಯಲ್ಲಿ ಪುಸ್ತಕ ಹಿಡಿಯಲಿಲ್ಲ. ಹಾರ್ಮೋನಿಯಂ ಮೇಲೆ ಒಂದು ಕೈ ಇಟ್ಟುಕೊಂಡು ನಲವತ್ತು ಜನರ ಮಾತನ್ನೂ ತಾವೇ ಎತ್ತಿಕೊಟ್ಟರು. ನಡುವೆ ನಿಲ್ಲಿಸಿ ಒಬ್ಬ ದಪ್ಪ ಮನುಷ್ಯನಿಗೆ, "ಮೊನ್ನೆ ಗದೆ ಎಡಗೈನಾಗಿತ್ತು ಕಣ್ಲಾ ನಿಂಗೆ. ಇವತ್ಯಾಕೆ ಬಲಗೈಗೆ ಬಂತು?" ಎಂದರು. ಅವನು ನಾಚಿಕೊಂಡು ಕೈ ಬದಲಾಯಿಸಿದ. ನನಗೆ ಅಲ್ಲಿಯೇ ಗೊತ್ತಾಯಿತು, ಡೈರೆಕ್ಟರು ಕೇಳಿದ್ದು ಇವರನ್ನೇ ಎಂದು.

ಮೂರನೇ ದಿನ ಮೇಷ್ಟ್ರು ಮದ್ದೂರಿನ ಬಂಗಲೆಗೆ ಬಂದರು. ಒಗೆದ ಪಂಚೆ, ಹೆಗಲ ಮೇಲೆ ಒಂದು ವಲ್ಲಿ, ಕಾಲಿಗೆ ಏನೂ ಇಲ್ಲ. ಡೈರೆಕ್ಟರು ಕುರ್ಚಿ ತೋರಿಸಿದರು. ಮೇಷ್ಟ್ರು ಕೂತುಕೊಂಡರು. ಧಣಿಗಳು ಬಾಗಿಲ ಬಳಿ, ನಾನು ಗೋಡೆಗೆ ಒರಗಿ ನಿಂತಿದ್ದೆ. "ಬೆಳಿಗ್ಗೆ ಆರು ಗಂಟೆಗೆ ಮರಳಿನ ಮೇಲೆ ಇನ್ನೂರು ಜನ ನಿಂತಿರಬೇಕು. ಹೇಗೆ ಕರೆತರುತ್ತೀರಿ?" ಎಂದು ಡೈರೆಕ್ಟರು ಕೇಳಿದರು.

"ಆರು ಗಂಟೆ ಅಂದ್ರೆ ಒಬ್ರೂ ಬರಾಕಿಲ್ಲ ಸ್ವಾಮಿ" ಎಂದರು ಮೇಷ್ಟ್ರು. "ನಮ್ಮೋರ್ತಾವ ಗಡಿಯಾರ ಎಲ್ಲದೆ? ಆಲು ಕರ್ದು, ದನಕ್ಕೆ ಉಲ್ಲಾಕಿ ಬನ್ನಿ ಅನ್ಬೇಕು. ಅಂಗಂದ್ರೆ ಎಲ್ರೂ ಒಂದೇ ಒತ್ಗೆ ಬತ್ತಾರೆ. ನಾಲೆ ನೀರಿನ ಸರದಿ ಅವತ್ತು ಯಾವೂರ್ದು ಅಂತ ಮೊದ್ಲೇ ಕೇಳ್ಕಬೇಕು. ಸರದಿ ಇರೋರ್ನ ಕರೀಬಾರ್ದು. ಇನ್ನೊಂದು ಮಾತು. ಒಳೆ ಆಚೆ ಈಚೆ ಎಲ್ಡೂರೋರು ನೀರಿಗೆ ಮೊನ್ನೆ ತಾನೇ ಬಡಿದಾಡ್ಕಂಡವ್ರೆ. ಅವ್ರನ್ನ ಎದುರು ಬದುರು ನಿಲ್ಲಿಸ್ಬಾರ್ದು. ಬೆರಕೆ ಮಾಡಿ ನಿಲ್ಲಿಸ್ಬೇಕು. ಇಲ್ದೋದ್ರೆ ಮರದ ಕತ್ತೀಲೇ ನಿಜವಾದ ಯುದ್ಧ ಆಗೋಯ್ತದೆ."

ಡೈರೆಕ್ಟರು ಧಣಿಗಳ ಕಡೆ ತಿರುಗಿ, "ಇವರೇ" ಎಂದರು.

ಧಣಿಗಳಿಗೂ ಹಿಗ್ಗು. ನನ್ನನ್ನು ಕರೆದು, "ಓಗ್ಲಾ, ತಟ್ಟೆ ಜೋಡಿಸ್ಕಂಡ್ ಬಾ. ಜುಟ್ಟಿರೋ ಕಾಯಿ ನೋಡಿ ತಕ್ಕಂಬಾ" ಎಂದರು. ಇದನ್ನು ಓದುವವರಿಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಎಲೆ ಅಡಿಕೆ ಕೊಡುವುದರಲ್ಲಿ ಎರಡು ಬಗೆ. ಬಂದವರಿಗೆ ಮರ್ಯಾದೆಗೆಂದು ಕೊಡುವುದನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳುತ್ತಾರೆ, ಎದ್ದು ಹೋಗುತ್ತಾರೆ. ನಾಟಕದ ಮೇಷ್ಟ್ರನ್ನು ಗೊತ್ತು ಮಾಡುವಾಗ ಕೊಡುವುದು ಬೇರೆ. ಅದಕ್ಕೆ ತಟ್ಟೆಯಲ್ಲಿ ಕಾಯಿ ಇರಬೇಕು, ಕೊಡುವವರು ಎದ್ದು ನಿಂತು ಎರಡು ಕೈಯಲ್ಲಿ ಕೊಡಬೇಕು. ತೆಗೆದುಕೊಂಡವರು ಆ ಎಲೆಯನ್ನು ತಿನ್ನುವುದಿಲ್ಲ, ವಲ್ಲಿಯ ತುದಿಗೆ ಕಟ್ಟಿಕೊಳ್ಳುತ್ತಾರೆ. ಕಟ್ಟಿಕೊಂಡರೆ ಮುಗಿಯಿತು. ಕಾಗದವೂ ಇಲ್ಲ, ಸಹಿಯೂ ಇಲ್ಲ, ಯಾರೂ ಹಿಂದೆ ಸರಿಯುವ ಹಾಗಿಲ್ಲ. ಮದರಾಸಿನ ಡೈರೆಕ್ಟರಿಗೆ ಇದು ಗೊತ್ತಿರಲಿಲ್ಲ. ಧಣಿಗಳಿಗೆ ಗೊತ್ತಿತ್ತು. ಅವರು ಇಲ್ಲಿ ಹುಟ್ಟಿ ಬೆಳೆದವರು.

ಮದ್ದೂರಿನ ಸಂತೆ ಬೀದಿಯಲ್ಲಿ ನಾಲ್ಕು ಕಾಯಿ ಅಲ್ಲಾಡಿಸಿ ನೋಡಿ, ಜುಟ್ಟು ಗಟ್ಟಿ ಇದ್ದ ಒಂದನ್ನು ನಾನೇ ಆರಿಸಿ ತಂದೆ. ತಟ್ಟೆ ಹಿಡಿದವನೂ ನಾನೇ. ಧಣಿಗಳು ಎದ್ದು ನಿಂತು, ಪೇಟ ಸರಿಮಾಡಿಕೊಂಡು, ಎರಡು ಕೈಯಲ್ಲಿ ಕೊಟ್ಟರು. ಮೇಷ್ಟ್ರು ತೆಗೆದುಕೊಳ್ಳುವ ಮೊದಲು, "ನಾನು ಪಕ್ಕದೂರೋರ ಎಲೆ ಕಟ್ಕಂಡಿವ್ನಿ. ಅವ್ರಿಗೆ ವಾಪಸ್ ಕೊಟ್ಟು ಬರ್ಬೇಕಾಯ್ತದೆ. ಅದು ಸಣ್ಣ ಮಾತಲ್ಲ. ನೀವು ಗಟ್ಟಿ ಇದ್ದೀರಾ?" ಎಂದು ಕೇಳಿದರು. "ಕೊಟ್ಟು ಬನ್ನಿ ಮೇಷ್ಟ್ರೇ. ನಾನಿಲ್ವಾ?" ಎಂದರು ಧಣಿಗಳು. ಮೇಷ್ಟ್ರು ಎಲೆಯನ್ನು ವಲ್ಲಿಗೆ ಕಟ್ಟಿಕೊಂಡರು, ಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಳವಳ್ಳಿ ಬಸ್ಸು ಹತ್ತಿದರು.

ಕಟ್ಟಿಕೊಂಡ ಎಲೆಯನ್ನು ಊರಿಗೆ ವಾಪಸ್ಸು ಕೊಡುವುದು ಅಂದರೆ ಏನು ಎಂದು ಆಮೇಲೆ ಅವರ ಹೆಂಡತಿ ನನಗೆ ಹೇಳಿದರು. ಇಪ್ಪತ್ತು ವರ್ಷ ಕಲಿಸಿದವರು ಒಂದು ಸಲವೂ ಹಾಗೆ ಮಾಡಿರಲಿಲ್ಲ. ಇನ್ನೂ ದೊಡ್ಡ ಕೆಲಸಕ್ಕೆ ಕಾಯಿ ಸಮೇತ ಕರೆ ಬಂದಿದ್ದರೆ ಮಾತ್ರ ಊರಿನವರು ಮುಖ ಗಂಟಿಕ್ಕಿಕೊಂಡಾದರೂ ಒಪ್ಪುತ್ತಾರೆ. ಹಾಗೆ ಕರೆ ಬಾರದೆ, ಬಂದಿದೆ ಎಂದು ಸುಳ್ಳು ಹೇಳಿ ಎಲೆ ತಿರುಗಿಸಿದ ಎಂದಾದರೆ, ಆ ಮೇಷ್ಟ್ರಿಗೆ ಆಮೇಲೆ ಯಾವ ಊರೂ ಎಲೆ ಕೊಡುವುದಿಲ್ಲ. ಮೇಷ್ಟ್ರು ಆ ಊರಿನ ದೇವರ ಮುಂದೆ ನಿಂತು, ಮಂಡ್ಯದ ಧಣಿಗಳು ಕಾಯಿ ಇಟ್ಟು ಕೊಟ್ಟಿದ್ದಾರೆ ಎಂದು ಹೇಳಿ, ಎಲೆ ತಿರುಗಿಸಿ ಬಂದರು.

ಇತ್ತ ಒಂದೇ ವಾರದಲ್ಲಿ ಗಾಳಿ ತಿರುಗಿತು. ಆ ಕಾಲದಲ್ಲಿ ಸಿನಿಮಾದ ಫಿಲ್ಮಿಗೂ ಪರ್ಮಿಟ್ ಬೇಕಾಗಿತ್ತು. ಪರ್ಮಿಟ್ ಕೊಡಿಸಬಲ್ಲ ಒಬ್ಬ ಸಾಹೇಬರಿಗೆ ಒಬ್ಬ ಅಕ್ಕನ ಮಗ ಇದ್ದ. ಬಿ.ಎ. ಓದಿ ಮನೆಯಲ್ಲಿ ಕೂತಿದ್ದ. ಸಾಹೇಬರು ಧಣಿಗಳಿಗೆ ಹೆಚ್ಚೇನೂ ಹೇಳಲಿಲ್ಲವಂತೆ, ಹುಡುಗನಿಗೆ ಸಿನಿಮಾ ಎಂದರೆ ಆಸೆ ಎಂದರಂತೆ, ಅಷ್ಟೇ. ನಮ್ಮ ಧಣಿಗಳಿಗೆ ಅಷ್ಟು ಸಾಕಾಯಿತು.

ಸೋಮವಾರ ಮೇಷ್ಟ್ರು ಬಟ್ಟೆಯ ಗಂಟು ಹಿಡಿದು ಬಂಗಲೆಗೆ ಬಂದಾಗ ಅವರಿಗೆ ತೋರಿಸಿದ್ದ ಅದೇ ಕುರ್ಚಿಯ ಮೇಲೆ ಅಕ್ಕನ ಮಗ ಕೂತಿದ್ದ. ಅರ್ಧ ಚಡ್ಡಿ, ಬಿಸಿಲ ಟೋಪಿ, ಕೊರಳಲ್ಲಿ ಒಂದು ಸೀಟಿ. ಡೈರೆಕ್ಟರು ತಲೆ ಎತ್ತದೆ ಕಾಗದ ನೋಡುತ್ತಿದ್ದರು. ಅವರಿಗೂ ಫಿಲ್ಮು ಬೇಕಲ್ಲ. ಧಣಿಗಳು ಮೇಷ್ಟ್ರನ್ನು ಮರದ ಕೆಳಗೆ ಕರೆದುಕೊಂಡು ಹೋಗಿ, "ಒಳಗೆ ಕುಂತಿರೋರು ಫಸ್ಟು. ನೀವು ಅವ್ರ ಕೈ ಕೆಳಗೆ ಇದ್ಕಂಡು ಜನ ಕರ್ಕಂಬನ್ನಿ" ಎಂದರು. ಮೇಷ್ಟ್ರು ವಲ್ಲಿಯ ಗಂಟನ್ನು ಮುಟ್ಟಿ, "ಇದನ್ನ ಯಾವ ಕೆಲ್ಸಕ್ಕೆ ಅಂತ ಕೊಟ್ರಿ?" ಎಂದು ಕೇಳಿದರು. "ಅದು ಮರ್ವಾದಿಗೆ ಕೊಟ್ಟದ್ದು ಕಣಪ್ಪ. ಮನೆಗೆ ಬಂದೋರ್ಗೆ ಕೊಡಾಕಿಲ್ವಾ?" ಎಂದರು ಧಣಿಗಳು. ಇದನ್ನು ಅವರು ಒಂಚೂರೂ ಅಳುಕದೆ ಹೇಳಿದರು. ನಾನು ಹತ್ತು ಮಾರು ದೂರದಲ್ಲಿ ಗಾಡಿಯಿಂದ ಮರದ ಕತ್ತಿಗಳನ್ನು ಇಳಿಸಿಕೊಳ್ಳುತ್ತಿದ್ದೆ. ಎಲ್ಲಾ ಕೇಳಿಸಿತು. ಮೇಷ್ಟ್ರು ತಂದ ಬಟ್ಟೆಯ ಗಂಟನ್ನು ಹಾಗೇ ಎತ್ತಿಕೊಂಡು ಹೊರಟುಹೋದರು.

ನಾಲ್ಕು ದಿನದ ಮೇಲೆ ಆ ಪಕ್ಕದೂರಿನ ಯಜಮಾನರು ಇಬ್ಬರನ್ನು ಜೊತೆ ಮಾಡಿಕೊಂಡು ಮಂಡ್ಯದ ಮಂಡಿಗೆ ಬಂದರು. ವಯಸ್ಸಾದವರು, ದನಿ ಗಡಸು. ಮೇಷ್ಟ್ರು ಅವರ ಜೊತೆ ಬರಲಿಲ್ಲ. ತಮ್ಮ ಮಾತನ್ನು ಬೇರೆಯವರು ವಿಚಾರಿಸುವಾಗ ತಾವು ಪಕ್ಕದಲ್ಲಿ ನಿಲ್ಲುವುದು ಅವರಿಗೆ ಸರಿ ಕಂಡಿರಲಿಲ್ಲ. ಯಜಮಾನರು ಸುತ್ತಿ ಬಳಸಲಿಲ್ಲ. "ನಮ್ ಎಲೆ ತಿರುಗ್ಸಿ ಬಂದವ್ನೆ. ಈಗ ನೋಡುದ್ರೆ ಮನೇಲಿ ಕುಂತವ್ನೆ. ನೀವು ಅವ್ನಿಗೆ ಎಲೆ ಕೊಟ್ಟಿದ್ದು ನಿಜವಾ?" ಎಂದರು.

"ಎಲೆ ಕೊಟ್ಟಿದ್ದು ನಿಜ. ಮರ್ವಾದಿಗೆ ಕೊಟ್ವಿ" ಎಂದರು ಧಣಿಗಳು.

"ತಟ್ಟೇಲಿ ಕಾಯಿ ಇತ್ತಾ?"

ಧಣಿಗಳು ನಕ್ಕರು. "ನನ್ನೇನ್ ಕೇಳ್ತೀರಿ, ತಟ್ಟೆ ಇಡ್ದೋನು ಇವ್ನು. ಇವ್ನನ್ನೇ ಕೇಳಿ" ಎಂದು ನನ್ನನ್ನು ತೋರಿಸಿದರು. ತೋರಿಸುವಾಗಲೇ ಇನ್ನೊಂದು ಕೈಯಲ್ಲಿ ತಮ್ಮ ಬೆಳ್ಳಿಯ ಎಲೆ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. ಆರು ವರ್ಷ ಅವರ ಹತ್ತಿರ ದುಡಿದವನು ನಾನು, ಆ ಪೆಟ್ಟಿಗೆಗೆ ಒಂದು ದಿನವೂ ಕೈ ಹಾಕಿದವನಲ್ಲ. ಅವತ್ತು ಹಾಕಿದೆ. ಎರಡು ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ತುರುಕಿಕೊಂಡೆ. ಯಜಮಾನರು ನನ್ನ ಮುಖವನ್ನೇ ನೋಡುತ್ತ ಕಾದಿದ್ದರು. ಬಾಯಿ ತುಂಬಾ ಎಲೆ ಇತ್ತು. ಮಾತಾಡಲಾಗುವುದಿಲ್ಲ ಎನ್ನುವ ಹಾಗೆ ಕೈ ತೋರಿಸಿ, ಇಲ್ಲ ಎಂದು ತಲೆ ಆಡಿಸಿಬಿಟ್ಟೆ.

ಇದೇ ತಲೆ, ಇದೇ ಬಾಯಿ. ಹದಿನೆಂಟರ ವಯಸ್ಸಿನಲ್ಲಿ ನಾನು ಶಿವಪುರದ ಬಯಲಿಗೆ ನಡೆದುಕೊಂಡು ಹೋಗಿದ್ದೆ. ಸರ್ಕಾರ ಬೇಡವೆಂದಿದ್ದ ಕಾಂಗ್ರೆಸ್ ಬಾವುಟ ಏರಿಸುವಾಗ, ಪೊಲೀಸರು ಎದುರಿಗೆ ನಿಂತಿರುವಾಗ, ಗಂಟಲು ಹರಿಯುವ ಹಾಗೆ ಜೈಕಾರ ಹಾಕಿದ್ದೆ. ಅದನ್ನು ಮಂಡಿಯಲ್ಲಿ ಹತ್ತು ಸಲ ಹೇಳಿಕೊಂಡು ಮೆರೆದಿದ್ದೆ. ಸರ್ಕಾರಕ್ಕೆ ಹೆದರದವನು ಒಂದು ಬೆಲ್ಲದ ಮಂಡಿಯ ಗಾದಿಗೆ ಹೆದರಿದೆ. ಧಣಿಗಳ ಮೇಲೆ ನನಗಿರುವ ಸಿಟ್ಟು ದೊಡ್ಡದೇ. ಆದರೆ ಅವರ ಸುಳ್ಳನ್ನು ನಿಜ ಮಾಡಿದ್ದು ನನ್ನ ತಲೆ, ಅದನ್ನು ಮರೆಮಾಚಿ ಈ ಕಥೆ ಬರೆದರೆ ನನಗಿಂತ ಕಡೆ ಯಾರೂ ಇಲ್ಲ. ಯಜಮಾನರು ಎದ್ದು, ಧಣಿಗಳು ಕೊಟ್ಟ ಎಲೆಯನ್ನು ಮುಟ್ಟದೆ ಹೋದರು.

ಇನ್ನು ಅಕ್ಕನ ಮಗನ ಕಾರುಬಾರು. ಅವನು ಮೈಸೂರಿನಿಂದ ಒಂದು ಟೈಪ್ ಮಷೀನು ತರಿಸಿದ. ಯಾರು ಯಾರು ಎಷ್ಟು ಹೊತ್ತಿಗೆ ಬರಬೇಕು ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಹಳ್ಳಿಹಳ್ಳಿಯ ಚಾವಡಿಯ ಕಂಬಕ್ಕೆ ಅಂಟಿಸಿದ. ಅದನ್ನು ಒಂದು ಊರಿನವರು ಸರ್ಕಾರ ವಸೂಲಿ ಮಾಡುವ ಲೆವಿ ಭತ್ತದ ನೋಟೀಸು ಎಂದುಕೊಂಡು ಭತ್ತದ ಮೂಟೆಗಳನ್ನು ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟರಂತೆ. ನಾನು ಹೋಗಿ, ಸ್ವಾಮಿ, ಇದನ್ನು ಯಾರೂ ಓದುವುದಿಲ್ಲ ಎಂದೆ. "ಡಿಸಿಪ್ಲಿನ್ ಕಲೀಬೇಕು ರೀ ಇವರು" ಎಂದ. ಕಲಿಯಬೇಕಾದವನು ಯಾರು ಎಂದು ಎರಡೇ ದಿನದಲ್ಲಿ ಗೊತ್ತಾಯಿತು.

ಧಣಿಗಳು ಊಟದ ಆಸೆ ತೋರಿಸಿ ಗಾಡಿ ಕಳಿಸಿದ್ದರಿಂದ ನೂರಕ್ಕೂ ಹೆಚ್ಚು ಜನ ಹೊಳೆಯ ಮರಳಿಗೆ ಬಂದರು. ಬಂದಾಗ ಹತ್ತು ಗಂಟೆ. ಅಕ್ಕನ ಮಗ ಅವರನ್ನು ಸಾಲಾಗಿ ನಿಲ್ಲಿಸಲು ಒಂದು ಸುಲಭದ ಉಪಾಯ ಕಂಡುಹಿಡಿದ. ಹೊಳೆಯ ಆಚೆಯ ಊರಿನವರೆಲ್ಲ ಒಂದು ಸೈನ್ಯ, ಈಚೆಯ ಊರಿನವರೆಲ್ಲ ಇನ್ನೊಂದು ಸೈನ್ಯ. ನಾನು ಓಡಿಹೋಗಿ ಡೈರೆಕ್ಟರಿಗೆ ಹೇಳಿದೆ. ಅವರಿಗೆ ಮೇಷ್ಟ್ರ ಮಾತು ನೆನಪಿಗೆ ಬಂತು. ಅವರು ಕೈ ಎತ್ತುವಷ್ಟರಲ್ಲಿ ಇವನು ಸೀಟಿ ಊದಿಬಿಟ್ಟ.

ನಾಲೆ ನೀರಿಗೆ ಬಡಿದಾಡಿಕೊಂಡು ಒಂದು ತಿಂಗಳಾಗಿರದ ಜನ. ಕೈಗೆ ಒಂದೊಂದು ಮರದ ಕತ್ತಿ ಕೊಟ್ಟು, ಎದುರು ಬದುರು ನಿಲ್ಲಿಸಿ, ಹೊಡೆಯಿರಿ ಎಂದರೆ ಅವರು ಇನ್ನೇನು ಮಾಡುತ್ತಾರೆ? ಹೊಡೆದರು. ಮೊದಲು ಕ್ಯಾಮೆರಾದವನು ಚೆನ್ನಾಗಿ ಬರುತ್ತಿದೆ ಎಂದುಕೊಂಡ. ಒಬ್ಬ, "ತೂಬು ಮುರ್ದೋನು ನೀನೇ ಅಲ್ವೇನ್ಲಾ" ಎಂದು ಕೂಗಿದಾಗ ಅವನಿಗೂ ಅನುಮಾನ ಬಂತು. ಕತ್ತಿಗಳು ಮುರಿದವು, ಆಮೇಲೆ ಕೈಯಲ್ಲಿ ಗುದ್ದಿಕೊಂಡರು, ಆಮೇಲೆ ಕಲ್ಲು ತೂರಿದರು. ಅಕ್ಕನ ಮಗ ಸೀಟಿ ಊದುತ್ತಲೇ ಬಂಗಲೆಯ ಕಡೆ ಓಡಿದ. ಹನ್ನೊಂದು ಜನರನ್ನು ಗಾಡಿಯಲ್ಲಿ ಹಾಕಿಕೊಂಡು ಮದ್ದೂರಿನ ಆಸ್ಪತ್ರೆಗೆ ಹೋದೆವು. ಮಾರನೆಯ ದಿನ ಮರಳಿಗೆ ಬಂದವರು ಬರೀ ಮೂವತ್ತು ಜನ. ಅವರಿಗೆ ಎರಡು ಬಣ್ಣದ ರುಮಾಲು ಸುತ್ತಿಸಿ ತೆಗೆದ ಯುದ್ಧವನ್ನೇ ಜನ ಈಗ ಹೊಗಳುವುದು.

ಮೂರನೆಯ ದಿನ ಧಣಿಗಳು ನನ್ನನ್ನು ಕರೆದರು. ತಟ್ಟೆ ಸಿದ್ಧವಾಗಿತ್ತು. ಎಲೆ, ಅಡಿಕೆ, ನಡುವೆ ಒಂದು ದಪ್ಪ ಕಾಯಿ. "ಮೇಷ್ಟ್ರುಗೆ ಕೊಟ್ಟು ಕರ್ಕಂಬಾ. ಅವ್ರೇ ಫಸ್ಟು ಅಂತ ಏಳು. ಆಗಿದ್ದಾಯ್ತು ಬುಡು" ಎಂದರು. ಆಗಿದ್ದಾಯಿತು ಎನ್ನುವ ಮಾತನ್ನು ಮಾಡಿದವರೇ ಆಡಿದರೆ ಕೇಳುವವನಿಗೆ ಹೇಗಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಲಿಲ್ಲ. ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಮೇಷ್ಟ್ರು ಜಗುಲಿಯ ಮೇಲೆ ಕೂತು ಹಾರ್ಮೋನಿಯಂ ಬಿಚ್ಚಿ ಧೂಳು ಒರೆಸುತ್ತಿದ್ದರು. ಎರಡು ವಾರದಲ್ಲಿ ಗಡ್ಡ ಬೆಳೆದಿತ್ತು. ನನ್ನನ್ನು ಕಂಡವರೇ ಎಂದಿನ ಹಾಗೆ ಎಲೆ ಪೆಟ್ಟಿಗೆ ಮುಂದೆ ತಳ್ಳಿದರು. ನಾನು ಧಣಿಗಳ ತಟ್ಟೆ ಇಟ್ಟು ಬಂದ ಕಾರಣ ಹೇಳಿದೆ. ಅವರು ಬಟ್ಟೆ ಸರಿಸಿ ನೋಡಿದರು. ಕಾಯಿಯನ್ನು ಎತ್ತಿ ನನ್ನ ತೊಡೆಯ ಪಕ್ಕಕ್ಕೆ ಇಟ್ಟರು. ಎಲೆಗೆ ಸುಣ್ಣ ಸವರಿ, ಮಡಿಸಿ, ನನ್ನೆದುರಿಗೇ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ಅವ್ರು ಕೊಡೋ ಎಲೆ ಎಲ್ಲಾ ಮರ್ವಾದಿಗೇ ಅಲ್ವಾ. ಆಕ್ಕಂಡ ಅಂತ ಏಳು" ಎಂದರು.

ನಾನು ಎದ್ದೆ. ಅವರು ನನ್ನ ಕೈ ಹಿಡಿದು ಕೂರಿಸಿದರು. "ನಿನ್ ಮೇಲೆ ನಂಗೇನೂ ಇಲ್ಲ ಕಣಪ್ಪ. ಯಜಮಾನ್ರು ಬಂದು, ಮಂಡಿಯೋರು ಕಾಯಿ ಇರ್ನಿಲ್ಲ ಅಂದ್ರು, ಅಂತ ಅಷ್ಟೇ ಅಂದ್ರು. ಆಮೇಲೆ ನನ್ಕೂಟೆ ಮಾತೇ ಆಡ್ನಿಲ್ಲ. ಅವತ್ತು ನೀನು ಮಂಡೀಲಿ ಇರ್ನಿಲ್ಲ ಅಂತ ಕಾಣ್ತದೆ. ಇದ್ದಿದ್ರೆ ಏಳ್ತಿದ್ದೆ. ಕಾಯಿ ಆರ್ಸಿದ್ದೋನು ನೀನಲ್ವಾ" ಎಂದರು. ಹಾಗೆಂದು ತಮ್ಮ ಪೆಟ್ಟಿಗೆಯಿಂದ ಒಂದು ಎಲೆ ತೆಗೆದು, ತಾವೇ ನಾರು ತೆಗೆದು, ಸುಣ್ಣ ಹಚ್ಚಿ ನನ್ನ ಕೈಗಿಟ್ಟರು. ನನಗೆ ಅದನ್ನು ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಜಗುಲಿ ಇಳಿದೆ.

ಮಳವಳ್ಳಿಯ ಬಸ್ಸಿಗೆ ಹೋಗಲಿಲ್ಲ. ಗದ್ದೆಯ ಬದುವಿನ ಮೇಲೆ ನೇರ ಪಕ್ಕದೂರಿಗೆ ನಡೆದೆ. ಚಾವಡಿಯಲ್ಲಿ ಯಜಮಾನರೂ ಏಳೆಂಟು ಜನರೂ ಇದ್ದರು. ಎಡಗೈಯಲ್ಲಿ ಗದೆ ಹಿಡಿಯುವ ಆ ದಪ್ಪ ಮನುಷ್ಯನೂ ಇದ್ದ. ನಾನು ಕೂರಲಿಲ್ಲ.

"ತಟ್ಟೆಯಲ್ಲಿ ಕಾಯಿ ಇತ್ತು" ಎಂದೆ. "ಮದ್ದೂರು ಸಂತೆ ಬೀದಿಯಲ್ಲಿ ನಾನೇ ಆರಿಸಿದ್ದು. ಧಣಿಗಳು ಎದ್ದು ನಿಂತು ಎರಡು ಕೈಯಲ್ಲಿ ಕೊಟ್ಟರು. ನಿಮ್ಮ ಎಲೆ ವಾಪಸ್ಸು ಕೊಟ್ಟು ಬನ್ನಿ ಎಂದವರೂ ಅವರೇ."

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅವತ್ತು ಕೇಳ್ದಾಗ ಬಾಯ್ನಾಗೆ ಏನ್ ಮಡಿಕ್ಕಂಡಿದ್ದೆ?"

"ಎಲೆ ಅಡಿಕೆ."

"ಯಾರ್ದು?"

"ಧಣಿಗಳದು."

ಅವರು ತಲೆದೂಗಿದರು, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ನಾವು ಬೇರೆ ಮೇಷ್ಟ್ರುಗೆ ಎಲೆ ಕೊಟ್ಟಿಲ್ಲ. ಮನ್ಸು ಬರ್ನಿಲ್ಲ" ಎಂದು ಗದೆಯವನನ್ನು ಒಳಗೆ ಕಳಿಸಿದರು. ಅವನು ಹಿತ್ತಾಳೆಯ ತಟ್ಟೆಯಲ್ಲಿ ಎಲೆ, ಅಡಿಕೆ, ಕಾಯಿ ಇಟ್ಟುಕೊಂಡು ಬಂದ. ಯಜಮಾನರು ಅದನ್ನು ನನ್ನ ಕಡೆ ತೋರಿಸಿ, "ತಟ್ಟೆ ಇಡಿಯೋದು ನಿಂಗೆ ರೂಢಿ ಅದೆಯಲ್ಲ. ಇಡ್ಕಂಡ್ ನಡಿ" ಎಂದರು. ನಾನು ಮುಷ್ಟಿಯ ಎಲೆಯನ್ನು ಬಿಡದೆ ಮುಂದೆ ತಟ್ಟೆ ಹಿಡಿದು ನಡೆದೆ, ಹಿಂದೆ ಯಜಮಾನರೂ ಗದೆಯವನೂ.

ಮೇಷ್ಟ್ರು ಇನ್ನೂ ಜಗುಲಿಯ ಮೇಲೆಯೇ ಇದ್ದರು. ಯಜಮಾನರನ್ನು ಕಂಡು ಎದ್ದು ನಿಂತರು. ಯಜಮಾನರು ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಮಂಡಿಯಲ್ಲಿ ಯಾರು ತಲೆ ಆಡಿಸಿದರು ಎನ್ನುವುದನ್ನೂ ಹೇಳಿದರು. ಮೇಷ್ಟ್ರು ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿನ ನೋಟವಲ್ಲ ಅದು. ಗದೆ ಯಾವ ಕೈಯಲ್ಲಿತ್ತು ಎಂದು ಲೆಕ್ಕ ಹಾಕುವಾಗಿನ ನೋಟ. ಆಮೇಲೆ ಯಜಮಾನರು ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಕೈಯಲ್ಲಿ ಕೊಟ್ಟರು. ಮೇಷ್ಟ್ರು ಕಾಯಿಯನ್ನು ಕಣ್ಣಿಗೊತ್ತಿಕೊಂಡರು, ಎಲೆಯನ್ನು ವಲ್ಲಿಯ ತುದಿಗೆ ಇಟ್ಟು ಎರಡು ಗಂಟು ಹಾಕಿದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು.

ಮಂಡಿಯ ಕೆಲಸ ಮಾರನೆಯ ದಿನವೇ ಹೋಯಿತು. ಅದರ ಬಗ್ಗೆ ನನಗೆ ಇವತ್ತಿಗೂ ವ್ಯಥೆಯಿಲ್ಲ. ಸ್ವಲ್ಪ ದಿನದಲ್ಲಿ ಕಬ್ಬಿನ ಗಾಡಿಗಳನ್ನು ಬರೆದುಕೊಳ್ಳುವ ಕೆಲಸ ಸಿಕ್ಕಿತು. ಸಿನಿಮಾ ಟೆಂಟಿಗೆ ಬಂದಾಗ ಪರದೆಯ ಮೇಲೆ ಅಕ್ಕನ ಮಗನ ಹೆಸರು ದಪ್ಪ ಅಕ್ಷರದಲ್ಲಿ ಬಂತು, ಫಸ್ಟ್ ಅಸಿಸ್ಟೆಂಟ್ ಡೈರೆಕ್ಟರ್ ಎಂದು. ಜನ ಶಿಳ್ಳೆ ಹಾಕಿದರು. ನಾನು ಎದ್ದು ಹೊರಗೆ ಬಂದೆ.

ಆದರೆ ನಾನು ಹೇಳಬೇಕಾಗಿರುವುದು ಆ ಸಂಜೆಯದು. ಎಲೆ ಕಟ್ಟಿಕೊಂಡಾದ ಮೇಲೆ ಮೇಷ್ಟ್ರು ಎಲ್ಲರನ್ನೂ ಜಗುಲಿಯ ಮೇಲೆ ಕೂರಿಸಿದರು. ಹೆಂಡತಿ ಎಲೆ ಪೆಟ್ಟಿಗೆ ತಂದಿಟ್ಟರು. ಮೇಷ್ಟ್ರು ಯಜಮಾನರಿಗೆ ಕೊಟ್ಟರು. ಗದೆಯವನಿಗೆ ಕೊಟ್ಟರು. ತಾವೂ ಒಂದು ಹಾಕಿಕೊಂಡರು. ಆಮೇಲೆ ಪೆಟ್ಟಿಗೆಯ ಮುಚ್ಚಳ ಮುಚ್ಚಿ, ಅದನ್ನು ತಮ್ಮ ಹಿಂದಕ್ಕೆ ಇಟ್ಟುಕೊಂಡರು. ಮಧ್ಯಾಹ್ನ ಅವರು ಕೊಟ್ಟಿದ್ದ ಎಲೆ ನನ್ನ ಮುಷ್ಟಿಯಲ್ಲಿ ಬಾಡಿ ಇನ್ನೂ ಹಾಗೇ ಇತ್ತು.